ವಂಶಾವಳಿ ಹುಡುಕೋದು ಹೇಗೆ: ಎಲ್ಲಿಂದ ಶುರು ಮಾಡ್ಬೇಕು, ಎಲ್ಲೆಲ್ಲಿ ಸಿಕ್ಕಾಕೊಳ್ತೀರ

ವಂಶಾವಳಿ ಹುಡುಕ್ಬೇಕು ಅಂತ ಹೊರಡೋ ಸುಮಾರು ಜನ ಮೊದ್ಲು ಮಾಡೋ ಕೆಲಸ ಅಂದ್ರೆ ಇಂಟರ್ನೆಟ್ಟಲ್ಲಿ ಮನೆತನದ ಹೆಸರು ಹಾಕಿ ಸರ್ಚ್ ಕೊಡೋದು, ಸಾವಿರಾರು ರಿಸಲ್ಟ್ ಬರತ್ತೆ, ಅದ್ರಲ್ಲಿ ಯಾರು ನಮ್ಮೋರು ಯಾರು ಅಲ್ಲ ಅಂತ ತಿಳೀದೆ ಅಲ್ಲಿಗೇ ಕೈಬಿಡ್ತಾರೆ. ಇನ್ನು ಕೆಲವರದ್ದು ಉಲ್ಟಾ, ಇತಿಹಾಸದಲ್ಲಿ ಹೆಸರು ಮಾಡಿರೋ ಯಾರನ್ನೋ ಹಿಡ್ಕೊಂಡು ಅವ್ರಿಂದ ತಮ್ಮ ತನಕ ಗೆರೆ ಎಳೆಯೋಕೆ ನೋಡ್ತಾರೆ. ಎರಡೂ ಕೆಲಸಕ್ಕೆ ಬರಲ್ಲ. ನಿಮ್ಮಿಂದ ಶುರು ಮಾಡಿ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗ್ಬೇಕು, ಪ್ರತಿ ಹೆಜ್ಜೆಗೂ "ಇವ್ರು ಇವ್ರ ಮಗ ಅಥವಾ ಮಗಳು ಅನ್ನೋದಕ್ಕೆ ನನ್ನ ಹತ್ರ ಏನಿದೆ" ಅಂತ ಕೇಳ್ಕೋಬೇಕು. ಹೆಸರುಗಳು ಎಲ್ಲಾ ಕಡೆ ಸಿಗತ್ತೆ, ಎರಡು ಹೆಸರಿನ ಮಧ್ಯದ ಸಂಬಂಧಕ್ಕೆ ಪುರಾವೆ ಸಿಗೋದೇ ಕಷ್ಟ. ಮುಂದೆ ಎದುರಾಗೋ ತೊಂದರೆಗಳೆಲ್ಲ ಹೆಚ್ಚುಕಮ್ಮಿ ಇದೇ ಜಾಗಕ್ಕೆ ಬಂದು ನಿಲ್ಲತ್ತೆ.

ಮೊದ್ಲು ಮನೆಯೊಳಗೆ ನೋಡಿ

ಒಂದು ಹಾಳೆ ತಗೊಂಡು ನಿಮ್ಮ ಹೆಸರು, ಅಪ್ಪ ಅಮ್ಮ, ಅಜ್ಜ ಅಜ್ಜಿ, ಮುತ್ತಜ್ಜ ಮುತ್ತಜ್ಜಿ ತನಕ ಗೊತ್ತಿರೋದನ್ನೆಲ್ಲ ಬರೀರಿ. ಪ್ರತಿಯೊಬ್ಬರಿಗೂ ಹುಟ್ಟಿದ್ದು, ಮದ್ವೆ ಆಗಿದ್ದು, ತೀರ್ಕೊಂಡಿದ್ದು, ಇವು ಮೂರೂ ಯಾವಾಗ ಮತ್ತೆ ಎಲ್ಲಿ. ಗೊತ್ತಿಲ್ದೇ ಇರೋ ಕಡೆ ಖಾಲಿ ಬಿಡಿ, ಅಂದಾಜು ಮಾಡಿ ತುಂಬಿಸ್ಬೇಡಿ, ಯಾಕಂದ್ರೆ ಆರು ತಿಂಗ್ಳು ಕಳೆದ್ಮೇಲೆ ಯಾವ್ದು ಗೊತ್ತಿದ್ದು ಬರ್ದಿದ್ದು ಯಾವ್ದು ಊಹೆ ಅಂತ ನಿಮ್ಗೇ ನೆನಪಿರಲ್ಲ. ಮನೇಲಿರೋ ಹಳೆ ಪೆಟ್ಟಿಗೆ, ಬೀರು, ಫೈಲು ಎಲ್ಲಾ ತೆಗೀರಿ. ಶಾಲೆಯ ಸರ್ಟಿಫಿಕೇಟ್, ಆಸ್ತಿ ಪತ್ರ, ಉಯಿಲು, ಕೆಲಸದ ಆರ್ಡರ್, ಪಿಂಚಣಿ ಕಾಗದ, ಪಾಸ್‌ಪೋರ್ಟ್, ಮದ್ವೆ ಆಮಂತ್ರಣ, ಪುಸ್ತಕದ ಮೊದಲ ಪುಟದಲ್ಲಿ ಯಾರೋ ಗೀಚಿರೋ ಹೆಸರು, ಯಾವ್ದನ್ನೂ ಕಡೆಗಣಿಸ್ಬೇಡಿ. ಕಾಗದದ ಹಿಂಭಾಗ ನೋಡೋದು ಮರೀಬೇಡಿ.

ಜನ ಹೆಚ್ಚಾದಂಗೆ ಗೊಂದಲ ಆಗತ್ತೆ, ಅದಕ್ಕೆ ಒಂದು ಹಳೇ ನಂಬರಿಂಗ್ ಪದ್ಧತಿ ಇದೆ. ನೀವು 1, ಅಪ್ಪ 2, ಅಮ್ಮ 3, ಅಪ್ಪನ ಅಪ್ಪ 4, ಅಪ್ಪನ ಅಮ್ಮ 5, ಹೀಗೆ. ಯಾರದ್ದೇ ನಂಬರ್ ತಗೊಳ್ಳಿ, ಅದನ್ನ ಎರಡರಿಂದ ಗುಣಿಸಿದ್ರೆ ಅವ್ರ ಅಪ್ಪ, ಅದಕ್ಕೆ ಒಂದು ಸೇರಿಸಿದ್ರೆ ಅವ್ರ ಅಮ್ಮ. ಫೈಲ್ ಹೆಸರಿನ ಮುಂದೆ ಈ ನಂಬರ್ ಹಾಕಿಟ್ರೆ ಒಂದೇ ಹೆಸರಿನ ನಾಲ್ಕು ಜನ ಇದ್ರೂ ಕಲಸ್ಕೊಳ್ಳಲ್ಲ.

ಹಿರಿಯರನ್ನ ಮಾತಾಡಿಸೋದು

ಇದನ್ನ ಮಾತ್ರ ಮುಂದಕ್ಕೆ ಹಾಕ್ಬೇಡಿ. ಸರ್ಕಾರಿ ದಾಖಲೆ ಇನ್ನೂ ಹತ್ತು ವರ್ಷ ಬಿಟ್ಟು ನೋಡಿದ್ರೂ ಅಲ್ಲೇ ಇರತ್ತೆ, ತೊಂಬತ್ತು ದಾಟಿದ ದೊಡ್ಡಮ್ಮ ಇರ್ತಾರೋ ಇಲ್ವೋ, ಇದ್ರೂ ನೆನಪು ಹೀಗೇ ಇರತ್ತೋ ಇಲ್ವೋ. ಆದ್ರೆ ಹೋಗಿ ಕೂತು "ನಿಮ್ಮ ತಾತ ಯಾವ ವರ್ಷ ಹುಟ್ಟಿದ್ರು" ಅಂತ ಕೇಳಿದ್ರೆ ಏನೂ ಬರಲ್ಲ, ಪರೀಕ್ಷೆ ಥರ ಆಗಿ ಅವ್ರೂ ಮುದುರ್ಕೊಳ್ತಾರೆ. ಹಳೆ ಫೋಟೋ ಒಂದು ಕೈಗೆ ಕೊಟ್ಟು "ಇವ್ರ್ಯಾರು, ಇದು ಎಲ್ಲಿ ತೆಗ್ದಿದ್ದು" ಅಂತ ಶುರು ಮಾಡಿ, ಮಾತು ತಾನೇ ಹರಿಯತ್ತೆ. ವರ್ಷ ನೆನಪಿಲ್ದೇ ಇದ್ರೂ ಹಿಂದು ಮುಂದು ಗೊತ್ತಿರತ್ತೆ: ಅವ್ರು ಹೋಗಿದ್ದು ನಿಮ್ಮ ಮದ್ವೆಗೆ ಮುಂಚೆನಾ ಆಮೇಲಾ, ಆಗ ನಿಮ್ಮ ತಮ್ಮ ಹುಟ್ಟಿದ್ನಾ, ನೀವು ಆಗ ಯಾವ ಮನೇಲಿ ಇದ್ರಿ. ಇಂಥ ಪ್ರಶ್ನೆ ನಾಲ್ಕು ಕೇಳಿದ್ರೆ ಒಂದು ಘಟನೆನ ಎರಡು ಮೂರು ವರ್ಷದ ಅಂತರದೊಳಗೆ ಕೂರಿಸ್ಬೋದು.

ಅವ್ರು ಹೇಳೋದನ್ನ ಮಧ್ಯದಲ್ಲಿ ತಿದ್ದೋಕೆ ಹೋಗ್ಬೇಡಿ, ತಪ್ಪು ಅಂತ ನಿಮ್ಗೆ ಗ್ಯಾರಂಟಿ ಇದ್ರೂ ಸುಮ್ನಿರಿ. ಕೇಳ್ಕೊಂಡು ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಕದ್ದು ಮಾಡ್ಬೇಡಿ. ಬರೆಯೋವಾಗ ಅವ್ರು ಕಣ್ಣಾರೆ ನೋಡಿದ್ದು ಯಾವ್ದು, ಯಾರೋ ಹೇಳಿದ್ದನ್ನ ಕೇಳಿದ್ದು ಯಾವ್ದು ಅಂತ ಬೇರೆ ಬೇರೆ ಗುರುತು ಹಾಕಿ. ಹೆಂಗಸರನ್ನ ತಪ್ಪದೆ ಕೇಳಿ, ಯಾರ ಮನೆಗೆ ಯಾರನ್ನ ಕೊಟ್ರು, ಯಾವ ಮಗು ಚಿಕ್ಕದ್ರಲ್ಲೇ ಹೋಯ್ತು, ಯಾರು ಯಾರ ಜೊತೆ ಮಾತು ಬಿಟ್ರು ಅನ್ನೋದೆಲ್ಲ ಹೆಚ್ಚಾಗಿ ಅವ್ರಿಗೇ ಗೊತ್ತಿರೋದು, ಮನೆ ಯಜಮಾನರು ಬರೀ ಆಸ್ತಿ ಮತ್ತೆ ಕೋರ್ಟು ಕಥೆ ಹೇಳ್ತಾರೆ. ಇನ್ನೊಂದು ಸಲ ಹೋಗಿ, ಮೊದಲನೇ ಸಲ ಮಾತಾಡಿ ಬಂದ್ಮೇಲೆ ಅವ್ರಿಗೆ ಒಂದೊಂದೇ ನೆನಪಾಗಿರತ್ತೆ.

ಎಲ್ಲರನ್ನೂ ಒಟ್ಟಿಗೆ ಹುಡುಕೋಕೆ ಆಗಲ್ಲ

ಲೆಕ್ಕ ಹಾಕಿ ನೋಡಿ, ಒಂದೊಂದು ತಲೆಮಾರು ಹಿಂದೆ ಹೋದಂಗೆ ಸಂಖ್ಯೆ ಡಬಲ್ ಆಗತ್ತೆ, ಹತ್ತು ತಲೆಮಾರು ಹಿಂದೆ 1024 ಜನ, ಇಪ್ಪತ್ತಕ್ಕೆ ಹತ್ತು ಲಕ್ಷ ದಾಟತ್ತೆ, ಮೂವತ್ತಕ್ಕೆ ನೂರು ಕೋಟಿಗೂ ಜಾಸ್ತಿ. ಅಷ್ಟು ಜನ ಆಗ ಭೂಮಿ ಮೇಲೇ ಇರ್ಲಿಲ್ಲ. ಅಂದ್ರೆ ಸಂಬಂಧಿಕರ ಒಳಗೆ ಮದ್ವೆ ಆಗಿ ಒಬ್ಬರೇ ಪೂರ್ವಜರು ಹಲವು ದಾರಿಯಿಂದ ನಮಗೆ ಬಂದಿರ್ತಾರೆ, ಎಲ್ಲರ ಮನೆಯಲ್ಲೂ ಹೀಗೇ. ಹಾಗಾಗಿ ದೂರದ ರಾಜನೊಬ್ಬ ನಮ್ಮ ಪೂರ್ವಜ ಅನ್ನೋದ್ರಲ್ಲಿ ಅಂಥ ವಿಶೇಷ ಏನಿಲ್ಲ, ತಲೆಮಾರಿನಿಂದ ತಲೆಮಾರಿಗೆ ತೋರಿಸಿದ್ರೆ ಮಾತ್ರ ವಿಶೇಷ.

ಒಂದು ಸಲಕ್ಕೆ ಒಂದು ಪ್ರಶ್ನೆ ಇಟ್ಕೊಳ್ಳಿ. "ಅಮ್ಮನ ಕಡೆ ಎಲ್ಲಾ ತಿಳೀಬೇಕು" ಅನ್ನೋದು ಪ್ರಶ್ನೆ ಆಗಲ್ಲ, "ಅಮ್ಮನ ಅಜ್ಜಿಯ ತವರುಮನೆ ಯಾವ ಊರು" ಅಂದ್ರೆ ಪ್ರಶ್ನೆ. ಅದಕ್ಕೆ ಉತ್ತರ ಎಲ್ಲೆಲ್ಲಿ ಇರ್ಬೋದು ಅಂತ ಪಟ್ಟಿ ಮಾಡಿ, ಒಂದೊಂದೇ ನೋಡಿ, ನೋಡಿದ್ದನ್ನ ಬರ್ದಿಡಿ. ಮುಖ್ಯವಾಗಿ ಸಿಗದೇ ಇದ್ದದ್ದನ್ನೂ ಬರ್ದಿಡಿ: ಯಾವ ರಿಜಿಸ್ಟರ್, ಯಾವ ವರ್ಷದಿಂದ ಯಾವ ವರ್ಷದ ತನಕ, ಯಾವ ಹೆಸರಲ್ಲಿ ಹುಡುಕಿದ್ರಿ. ಇದು ಬೋರು ಹೊಡ್ಸೋ ಕೆಲಸ ನಿಜ, ಮಾಡ್ದಿದ್ರೆ ಅದೇ ಪುಸ್ತಕನ ಇನ್ನೊಂದ್ಸಲ ಮಗುಚಿ ಹಾಕ್ತೀರ ಅನ್ನೋದೂ ಅಷ್ಟೇ ನಿಜ.

ದಾಖಲೆ ಯಾವ್ದು, ಎಲ್ಲಿಂದ ಶುರು ಆಗತ್ತೆ

"1820ರಲ್ಲಿ ಹುಟ್ಟಿದವ್ರ ಬರ್ತ್ ಸರ್ಟಿಫಿಕೇಟ್ ಸಿಗ್ತಿಲ್ಲ" ಅಂತ ಗೋಳಾಡೋಕೆ ಮುಂಚೆ, ಆ ಜಾಗದಲ್ಲಿ ಆಗ ಜನನ ನೋಂದಣಿ ಅನ್ನೋದು ಇತ್ತಾ ಅಂತ ನೋಡ್ಬೇಕು. ಫ್ರಾನ್ಸಲ್ಲಿ ಸರ್ಕಾರಿ ನೋಂದಣಿ ಶುರು ಆಗಿದ್ದು 1792ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸಲ್ಲಿ 1837ರ ಜುಲೈಯಲ್ಲಿ, ಸ್ಕಾಟ್ಲೆಂಡಲ್ಲಿ 1855ರಲ್ಲಿ. ಅದಕ್ಕಿಂತ ಹಿಂದಕ್ಕೆ ಹೋಗ್ಬೇಕಂದ್ರೆ ಚರ್ಚು ರಿಜಿಸ್ಟರ್, ತೆರಿಗೆ ಪಟ್ಟಿ, ಭೂಮಿ ಕಾಗದ, ಉಯಿಲು, ಕೋರ್ಟ್ ಕೇಸು, ಸೈನ್ಯದ ಪಟ್ಟಿ ಇಂಥವನ್ನೇ ನೆಚ್ಕೋಬೇಕು. ಇವತ್ತಿನ ಜಿಲ್ಲೆ, ದೇಶದ ಗಡಿ ಆಗಿನ ಥರಾನೇ ಇತ್ತು ಅಂದ್ಕೋಬೇಡಿ, ಆಗ ಆ ಊರು ಯಾರ ಆಡಳಿತದಲ್ಲಿತ್ತೋ ಅವ್ರ ಕಚೇರಿಯ ಕಾಗದ ಈಗ ಎಲ್ಲಿಗೆ ಹೋಗಿದೆ ಅಂತ ಹುಡುಕ್ಬೇಕು. ಇದೊಂದನ್ನ ಬಿಟ್ಟು ಬೇರೆಲ್ಲ ನೋಡಿ ಸುಸ್ತಾಗೋರು ತುಂಬಾ ಜನ.

ಇರೋ ದಾಖಲೆನೂ ಎಲ್ಲಾ ಓಪನ್ ಇರಲ್ಲ. ಜನಗಣತಿ ಹಾಳೆಗಳನ್ನ ಬ್ರಿಟನ್ ನೂರು ವರ್ಷ ಮುಚ್ಚಿಡತ್ತೆ, 1921ರದ್ದು 2022ರ ಜನವರಿಯಲ್ಲಿ ಹೊರಗೆ ಬಂತು. ಅಮೆರಿಕಾದಲ್ಲಿ 72 ವರ್ಷ, 1950ರ ಹಾಳೆಗಳು 2022ರ ಏಪ್ರಿಲ್ ಒಂದಕ್ಕೆ ಬಿಡುಗಡೆ ಆದ್ವು. ಇಂಡಿಯಾದಲ್ಲಿ ಜನಗಣತಿಗೆ ಅಂತ ಕೊಟ್ಟ ಮಾಹಿತಿನ 1948ರ ಕಾಯ್ದೆ ಗೋಪ್ಯ ಅನ್ನತ್ತೆ, ಮನೆಮನೆಯ ಹಾಳೆ ತೋರಿಸಿ ಅಂತ ಕೇಳಿ ಪ್ರಯೋಜನ ಇಲ್ಲ.

ದುಡ್ಡು ಖರ್ಚು ಮಾಡೋಕೆ ಮುಂಚೆ ಫ್ಯಾಮಿಲಿಸರ್ಚ್ ಅನ್ನೋ ವೆಬ್‌ಸೈಟ್ ನೋಡಿ. 1894ರಲ್ಲಿ ಅಮೆರಿಕಾದ ಯೂಟಾದಲ್ಲಿ ಶುರುವಾದ ವಂಶಾವಳಿ ಸೊಸೈಟಿಯಿಂದ ಬೆಳೆದ ಸಂಸ್ಥೆ ಇದು, ಅಲ್ಲಿನ ಮಾರ್ಮನ್ ಚರ್ಚು ನಡೆಸತ್ತೆ, ಯಾರು ಬೇಕಾದ್ರೂ ಫ್ರೀಯಾಗಿ ಬಳಸ್ಬೋದು. 1938ರಿಂದ ಜಗತ್ತಿನ ಎಲ್ಲೆಲ್ಲಿಯ ದಾಖಲೆಗಳನ್ನೋ ಮೈಕ್ರೋಫಿಲ್ಮ್ ಮಾಡ್ಕೊಂಡು ಬಂದಿದ್ದಾರೆ, ಆ ಫಿಲ್ಮುಗಳ ಡಿಜಿಟೈಸ್ ಕೆಲಸ 2021ರಲ್ಲಿ ಮುಗೀತು. ಆದ್ರೆ ಸರ್ಚ್ ಮಾಡಿದಾಗ ಬಂದಿಲ್ಲ ಅಂದ್ರೆ ಅಲ್ಲಿ ಇಲ್ಲ ಅಂತ ಅರ್ಥ ಅಲ್ಲ, ಎಷ್ಟೋ ಚಿತ್ರಗಳಿಗೆ ಹೆಸರಿನ ಸೂಚಿನೇ ಮಾಡಿರಲ್ಲ, ಕ್ಯಾಟಲಾಗಲ್ಲಿ ಊರಿನ ಹೆಸರು ಹಾಕಿ ಪುಟ ಪುಟ ತಿರುವಿ ನೋಡ್ಬೇಕು. ಸೂಚಿಯಲ್ಲಿ ಸಿಕ್ಕಿದ್ರೂ ಅಲ್ಲಿಗೇ ನಿಲ್ಲಿಸ್ಬೇಡಿ, ಮೂಲ ಹಾಳೆ ತೆರೀರಿ. ಸೂಚಿ ಮಾಡಿದವ್ರು ಹೆಸರು, ವರ್ಷ ಅಷ್ಟೇ ತಗೊಂಡಿರ್ತಾರೆ, ಸಾಕ್ಷಿ ಹಾಕಿದವ್ರು, ಪಕ್ಕದ ಮನೆಯವ್ರು, ಅಂಚಲ್ಲಿ ಬರ್ದ ಷರಾ ಎಲ್ಲಾ ಮೂಲದಲ್ಲೇ ಇರೋದು.

ಹೆಸರು ಹಾಕಿದ್ರೂ ಬರ್ತಿಲ್ಲ ಯಾಕೆ

ಹಿಂದೆ ತುಂಬಾ ಜನಕ್ಕೆ ಓದು ಬರಹ ಬರ್ತಿರ್ಲಿಲ್ಲ, ಗುಮಾಸ್ತನ ಕಿವಿಗೆ ಬಿದ್ದಂಗೆ ಅವನು ಬರ್ಕೊಂಡ, ಒಬ್ಬರ ಹೆಸರು ನಾಲ್ಕು ಕಡೆ ನಾಲ್ಕು ಥರ ಇದ್ರೆ ಅದು ಸಹಜ. ಉಚ್ಚಾರ ಹತ್ತಿರ ಇರೋ ಹೆಸರುಗಳನ್ನ ಒಂದೇ ಕೋಡಿಗೆ ತರೋ ಸೌಂಡೆಕ್ಸ್ ಅನ್ನೋ ಪದ್ಧತಿಗೆ 1918ರಲ್ಲೇ ಅಮೆರಿಕಾದಲ್ಲಿ ಪೇಟೆಂಟ್ ಆಗಿತ್ತು, ತೊಂದರೆ ಅಷ್ಟು ಹಳೇದು. ಆದ್ರೆ ಅದು ಇಂಗ್ಲಿಷ್ ಹೆಸರಿಗೆ ಅಂತ ಮಾಡಿದ್ದು, ಬೇರೆ ಭಾಷೆಯ ಹೆಸರಿಗೆ ಅದನ್ನ ನಂಬ್ಕೊಂಡು ಕೂರೋಕಾಗಲ್ಲ. ಎಷ್ಟು ಥರ ತಪ್ಪಾಗಿ ಬರೀಬೋದೋ ಅಷ್ಟೂ ಥರ ನೀವೇ ಬರ್ದು ಪಟ್ಟಿ ಮಾಡ್ಕೊಳ್ಳಿ, ಮೊದಲ ಅಕ್ಷರವೇ ಬೇರೆ ಆಗಿರೋ ಸಾಧ್ಯತೆನೂ ಸೇರಿಸಿ. ಸರ್‌ನೇಮ್ ಪೂರ್ತಿ ಬಿಟ್ಟು ಬರೀ ಹೆಸರು, ಊರು, ವಯಸ್ಸು ಹಾಕಿ ಹುಡುಕೋದೂ ಒಳ್ಳೇ ಉಪಾಯ.

ಸರ್‌ನೇಮ್ ಅನ್ನೋದು ಎಲ್ಲಾ ಕಡೆ ಹಳೇದೂ ಅಲ್ಲ. ನೆದರ್‌ಲೆಂಡ್ಸಲ್ಲಿ ನೆಪೋಲಿಯನ್ ಆಳ್ವಿಕೆಯಲ್ಲಿ 1811ರಲ್ಲಿ, ಜಪಾನಲ್ಲಿ 1875ರಲ್ಲಿ, ಟರ್ಕಿಯಲ್ಲಿ 1934ರ ಕಾನೂನಿಂದ ಎಲ್ಲರೂ ಒಂದು ಇಟ್ಕೊಳ್ಳಲೇಬೇಕು ಅಂತಾಯ್ತು. ಐಸ್‌ಲೆಂಡಲ್ಲಿ ಇವತ್ತಿಗೂ ಹೆಚ್ಚಿನವ್ರದ್ದು ಅಪ್ಪನ ಅಥವಾ ಅಮ್ಮನ ಹೆಸರಿಂದ ಬಂದ ಹೆಸರು, ಪ್ರತಿ ತಲೆಮಾರಿಗೂ ಬದಲಾಗತ್ತೆ. ಹಾಗಿರೋ ಕಡೆ ಸರ್‌ನೇಮ್ ಹಿಡ್ಕೊಂಡು ಹಿಂದಕ್ಕೆ ಹೋಗೋಕೆ ಆಗೋದೇ ಇಲ್ಲ. ಹೆಂಗಸರ ಕಡೆ ಹುಡುಕೋವಾಗಲೂ ಇದೇ ಗೋಳು, ಮದ್ವೆ ಆದ್ಮೇಲೆ ಹೆಸರು ಬದಲಾಗಿ ಹಿಂದಿನದ್ದು ಕಾಣ್ಸೋದೇ ಇಲ್ಲ. ಅವ್ರ ಮಕ್ಕಳ ಜನನ, ಮದ್ವೆ, ಮರಣದ ಕಾಗದ ಎಲ್ಲಾ ಮಕ್ಕಳದ್ದೂ ತೆಗ್ಸಿ ನೋಡಿ, ಒಂದ್ರಲ್ಲಾದ್ರೂ ತಾಯಿಯ ತವರಿನ ಹೆಸರು ಇರ್ಬೋದು. ಅವ್ರ ಅಪ್ಪನ ಉಯಿಲಲ್ಲಿ "ನನ್ನ ಮಗಳು, ಇಂಥವರ ಹೆಂಡತಿ" ಅಂತ ಒಂದು ಸಾಲು ಸಿಕ್ಕಿದ್ರೆ ಅದು ಬಂಗಾರ.

ಅಮೆರಿಕಾಗೆ ವಲಸೆ ಹೋದ ಮನೆಗಳಲ್ಲಿ ಒಂದು ಕಥೆ ತುಂಬಾ ಓಡಾಡತ್ತೆ, ನ್ಯೂಯಾರ್ಕ್ ಬಂದರಲ್ಲಿ ವಲಸೆ ಬಂದವ್ರನ್ನ ತಪಾಸಣೆ ಮಾಡ್ತಿದ್ದ ಎಲ್ಲಿಸ್ ಐಲೆಂಡಲ್ಲಿ ಅಧಿಕಾರಿ ನಮ್ಮ ಹೆಸರನ್ನೇ ಬದಲಾಯಿಸಿಬಿಟ್ಟ ಅಂತ. ಅಲ್ಲಿ (1892ರಿಂದ 1954ರ ತನಕ ನಡೀತು) ಅಧಿಕಾರಿಗಳು ಹೆಸರು ಹೊಸದಾಗಿ ಬರ್ಕೊಳ್ತಾ ಇರ್ಲಿಲ್ಲ, ಹಡಗು ಕಂಪನಿಯವ್ರು ತಂದ ಪ್ರಯಾಣಿಕರ ಪಟ್ಟಿ ಇಟ್ಕೊಂಡು ಅದರ ಜೊತೆ ತಾಳೆ ನೋಡ್ತಿದ್ರು. ಹೆಸರು ಬದಲಾಗಿದ್ದು ಹೆಚ್ಚಾಗಿ ಆಮೇಲೆ, ಅವ್ರೇ ಬದಲಾಯಿಸ್ಕೊಂಡಿದ್ದು. ಹಾಗಾಗಿ ಹಡಗಿನ ಪಟ್ಟಿಯಲ್ಲಿ ಹೊಸ ಹೆಸರು ಹುಡುಕಿದ್ರೆ ಸಿಗಲ್ಲ, ಹಳೇ ಹೆಸರೇ ಬೇಕು.

ವಯಸ್ಸು ಹೊಂದಲ್ಲ, ತಾರೀಕು ಹೊಂದಲ್ಲ

ಒಂದು ಕಾಗದದಲ್ಲಿ 34, ಹತ್ತು ವರ್ಷ ಆದ್ಮೇಲೆ ಇನ್ನೊಂದ್ರಲ್ಲಿ 40. ತಲೆ ಕೆಡಿಸ್ಕೋಬೇಡಿ, ಹುಟ್ಟಿದ ದಿನ ಲೆಕ್ಕ ಇಟ್ಕೊಳ್ಳೋ ಅಭ್ಯಾಸ ಇಲ್ದೇ ಇರೋ ಕಡೆ ಹೀಗೇ. ಇಂಗ್ಲೆಂಡಿನ 1841ರ ಜನಗಣತಿಯಲ್ಲಂತೂ 15 ದಾಟಿದವ್ರ ವಯಸ್ಸನ್ನ ಐದರ ಗುಣಕಕ್ಕೆ ಇಳಿಸಿ ಬರೀರಿ ಅಂತ ಸೂಚನೆನೇ ಇತ್ತು, 39 ಇದ್ದವ್ರು ಅಲ್ಲಿ 35 ಆಗಿರ್ತಾರೆ. ಕ್ಯಾಲೆಂಡರ್ ಬದಲಾಗಿರೋದೂ ಗಮನದಲ್ಲಿರ್ಲಿ: ಬ್ರಿಟನ್ ಮತ್ತು ಅದರ ವಸಾಹತುಗಳಲ್ಲಿ 1752ರ ಸೆಪ್ಟೆಂಬರ್ 2 ಆದ್ಮೇಲೆ ಮಾರನೇ ದಿನ ಸೆಪ್ಟೆಂಬರ್ 14, ಅದಕ್ಕಿಂತ ಮುಂಚೆ ಇಂಗ್ಲೆಂಡಲ್ಲಿ ಹೊಸ ವರ್ಷ ಶುರು ಆಗ್ತಿದ್ದದ್ದು ಮಾರ್ಚ್ 25ಕ್ಕೆ. ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು ಹಳೇ ಲೆಕ್ಕದಲ್ಲಿ 1731ರ ಫೆಬ್ರವರಿ 11, ಈಗಿನ ಲೆಕ್ಕದಲ್ಲಿ 1732ರ ಫೆಬ್ರವರಿ 22. ರಷ್ಯಾ ಬದಲಾಯಿಸಿದ್ದು 1918ರಲ್ಲಿ. ತಾರೀಕನ್ನ ಕಾಗದದಲ್ಲಿ ಇದ್ದಂಗೇ ಬರ್ಕೊಳ್ಳಿ, ಪರಿವರ್ತನೆ ಮಾಡಿದ್ದು ಪಕ್ಕದಲ್ಲಿ ಬೇರೆಯಾಗಿ ಇರ್ಲಿ.

ಎರಡು ಕಾಗದ ಜಗಳ ಆಡಿದ್ರೆ ಯಾವ್ದನ್ನ ನಂಬೋದು? ಆ ಮಾಹಿತಿ ಕೊಟ್ಟವ್ರು ಯಾರು, ಅವ್ರಿಗೆ ಅದು ಹೇಗೆ ಗೊತ್ತು ಅಂತ ನೋಡಿ. ಮರಣ ಪ್ರಮಾಣಪತ್ರದಲ್ಲಿ ಸತ್ತ ದಿನ ನಂಬ್ಬೋದು, ಬರೆಸಿದವ್ರು ಅಲ್ಲೇ ಇದ್ರು. ಅದೇ ಹಾಳೆಯಲ್ಲಿರೋ ಹುಟ್ಟಿದ ದಿನ, ಸತ್ತವರ ತಾಯಿಯ ಹೆಸರು ಇವೆಲ್ಲ ದುಃಖದಲ್ಲಿದ್ದ ಅಳಿಯನೋ ಮೊಮ್ಮಗನೋ ನೆನಪು ಮಾಡ್ಕೊಂಡು ಹೇಳಿದ್ದು. ಒಂದೇ ಕಾಗದದಲ್ಲಿ ಒಂದು ಸಾಲು ಗಟ್ಟಿ, ಇನ್ನೊಂದು ಸಾಲು ಪೊಳ್ಳು ಇರ್ಬೋದು. ಪೂರ್ತಿ ದಾಖಲೆನ ನಂಬೋದು ಬಿಡೋದು ಮಾಡ್ದೆ ಸಾಲು ಸಾಲಾಗಿ ತೂಗಿ ನೋಡಿ.

ಒಂದೇ ಹೆಸರಿನ ಇಬ್ಬರು

ನನ್ನ ಪ್ರಕಾರ ಅತಿ ಹೆಚ್ಚು ವಂಶವೃಕ್ಷಗಳು ಕೆಡೋದು ಇಲ್ಲೇ. ಅಜ್ಜನ ಹೆಸರು ಮೊಮ್ಮಗನಿಗೆ ಇಡೋ ಮನೆಗಳಲ್ಲಿ ನಾಲ್ಕು ಅಣ್ಣತಮ್ಮಂದಿರ ಮಕ್ಕಳು ಒಂದೇ ಹೆಸರು, ಒಂದೇ ಊರು, ಹತ್ತಿರದ ವಯಸ್ಸು. ಹೆಸರು ಹೊಂದಿದ ತಕ್ಷಣ ಇವನೇ ನಮ್ಮೋನು ಅಂತ ಸೇರಿಸ್ಕೊಂಡ್ರೆ ಅಲ್ಲಿಂದ ಹಿಂದಕ್ಕೆ ಹುಡುಕಿದ್ದೆಲ್ಲ ಬೇರೆ ಯಾರದ್ದೋ ವಂಶ. ಇದಕ್ಕೆ ಮಾಡ್ಬೇಕಾದ್ದು ಇಷ್ಟೆ: ಆ ಹೆಸರಿನ ಎಲ್ಲಾ ದಾಖಲೆಗಳನ್ನೂ ವರ್ಷದ ಪ್ರಕಾರ ಒಂದು ಪಟ್ಟಿಗೆ ಹಾಕಿ, ಪಕ್ಕದಲ್ಲಿ ಊರು, ಕಸುಬು, ಹೆಂಡತಿ ಹೆಸರು, ಸಹಿ ಮಾಡಿದ್ನಾ ಹೆಬ್ಬೆಟ್ಟು ಒತ್ತಿದ್ನಾ, ಸಾಕ್ಷಿ ಯಾರು ಅಂತೆಲ್ಲ ಬರೀರಿ. ಒಬ್ಬನೇ ಮನುಷ್ಯ ಅಂತ ಅಂದ್ಕೊಂಡಿದ್ದವ್ನು ಸತ್ತು ಮೂರು ವರ್ಷ ಆದ್ಮೇಲೆ ಜಮೀನು ತಗೊಂಡಿರ್ತಾನೆ, ಆಗ ಗೊತ್ತಾಗತ್ತೆ ಇಬ್ಬರಿದ್ದಾರೆ ಅಂತ.

ನಿಮ್ಮ ನೇರ ಪೂರ್ವಜರ ಬಗ್ಗೆ ಏನೂ ಸಿಗದೇ ಇದ್ರೆ ಅವ್ರ ಅಣ್ಣತಮ್ಮ, ಅಕ್ಕತಂಗಿ, ನೆರೆಯವ್ರು, ಕಾಗದಕ್ಕೆ ಸಾಕ್ಷಿ ಹಾಕಿದವ್ರು, ಜೊತೆಗೆ ವಲಸೆ ಬಂದವ್ರನ್ನ ಹುಡುಕಿ. ಹಿಂದಿನವ್ರು ಒಂಟಿಯಾಗಿ ಊರು ಬಿಟ್ಟಿದ್ದು ಕಮ್ಮಿ, ಗೊತ್ತಿರೋರ ಹಿಂದೆನೇ ಹೋಗ್ತಿದ್ರು. ನಿಮ್ಮ ಮುತ್ತಜ್ಜನ ಹುಟ್ಟೂರು ಎಲ್ಲೂ ಬರ್ದಿಲ್ದೇ ಇರ್ಬೋದು, ಅವ್ರ ತಮ್ಮನ ಪಿಂಚಣಿ ಫೈಲಲ್ಲಿ ಇರ್ಬೋದು.

ದಾಖಲೆನೇ ಇಲ್ಲ, ಸುಟ್ಟು ಹೋಗಿದೆ

ಇದು ನಿಜವಾದ ಗೋಡೆ. ಅಮೆರಿಕಾದ 1890ರ ಜನಗಣತಿ ಹಾಳೆಗಳಲ್ಲಿ ಬಹುಪಾಲು 1921ರಲ್ಲಿ ವಾಷಿಂಗ್ಟನ್ನಿನ ಒಂದು ಕಟ್ಟಡಕ್ಕೆ ಬಿದ್ದ ಬೆಂಕಿಯಿಂದ ಹಾಳಾದ್ವು, ಉಳಿದ ಹಾಳೆಗಳನ್ನ ಆಮೇಲೆ ಸರ್ಕಾರವೇ ವಿಲೇವಾರಿ ಮಾಡ್ತು. 1922ರಲ್ಲಿ ಐರಿಷ್ ಅಂತರ್ಯುದ್ಧ ಶುರುವಾದಾಗ ಡಬ್ಲಿನ್ನಿನ ದಾಖಲೆ ಕಚೇರಿ ನಾಶ ಆಗಿ ಶತಮಾನಗಳ ಕಾಗದ ಬೂದಿ ಆಯ್ತು. ಇಂಗ್ಲೆಂಡ್ ಮತ್ತು ವೇಲ್ಸಿನ 1931ರ ಜನಗಣತಿ 1942ರಲ್ಲಿ ಸುಟ್ಟು ಹೋಯ್ತು, 1941ರಲ್ಲಿ ಯುದ್ಧ ಅಂತ ಗಣತಿನೇ ಮಾಡ್ಲಿಲ್ಲ.

ಆದ್ರೂ ಒಂದೇ ವಿಷಯ ಹಲವು ಕಚೇರಿಗೆ ಹೋಗಿರತ್ತೆ ಅನ್ನೋದನ್ನ ಮರೀಬೇಡಿ. ಜಿಲ್ಲೆಯ ಪ್ರತಿ ಸುಟ್ರೆ ಮೇಲಿನ ಕಚೇರಿಗೆ ಕಳಿಸಿದ ನಕಲು ಇರ್ಬೋದು, ಹಳೇ ಪತ್ರಿಕೆಯಲ್ಲಿ ಸುದ್ದಿ ಇರ್ಬೋದು, ಯಾರೋ ಮುಂಚೆನೇ ಕೈಯಲ್ಲಿ ಬರ್ಕೊಂಡಿದ್ದ ಸಾರಾಂಶ ಇರ್ಬೋದು.

ಇನ್ನು ಕೆಲವರ ವಿಷಯದಲ್ಲಿ ಬೆಂಕಿ ಬೇಕಾಗ್ಲಿಲ್ಲ, ಬರೆಯೋರೇ ಅವ್ರ ಹೆಸರು ಬರೀಲಿಲ್ಲ. ಅಮೆರಿಕಾದ 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಮಾಲೀಕನ ಹೆಸರು ಇದೆ, ಅದರ ಕೆಳಗೆ ಗುಲಾಮರ ವಯಸ್ಸು, ಲಿಂಗ, ಬಣ್ಣ ಅಷ್ಟೇ. ಅವ್ರಲ್ಲಿ ಹೆಚ್ಚಿನವ್ರು ಹೆಸರಿನ ಸಮೇತ ಗಣತಿಯಲ್ಲಿ ಕಾಣ್ಸಿದ್ದು 1870ರಲ್ಲಿ. ಅದಕ್ಕಿಂತ ಹಿಂದೆ ಹೋಗ್ಬೇಕಂದ್ರೆ ಮಾಲೀಕನ ಮನೆಯ ಉಯಿಲು, ಆಸ್ತಿ ಪಟ್ಟಿ ಓದ್ಬೇಕು, ಅಲ್ಲಿ ಮನುಷ್ಯರನ್ನ ಬೆಲೆ ಸಮೇತ ಸಾಮಾನಿನ ಜೊತೆ ಬರ್ದಿರ್ತಾರೆ, ಓದೋಕೆ ಗಟ್ಟಿ ಮನಸ್ಸು ಬೇಕು. ಇಂಡಿಯಾದಿಂದ 1834ರಿಂದ ಮಾರಿಷಸ್‌ಗೆ, 1879ರಿಂದ ಫಿಜಿಗೆ ಕರಾರಿನ ಕೂಲಿಗಳಾಗಿ ಹೋದವ್ರ ವಂಶಸ್ಥರಿಗೆ ಈ ವಿಷಯದಲ್ಲಿ ಸ್ವಲ್ಪ ಅನುಕೂಲ, ಯಾಕಂದ್ರೆ ವಲಸೆ ಪಾಸುಗಳಲ್ಲಿ ಹೆಸರು, ಅಪ್ಪನ ಹೆಸರು, ವಯಸ್ಸು, ಜಿಲ್ಲೆ, ಹಳ್ಳಿ, ಮೈ ಮೇಲಿನ ಗುರುತು ತನಕ ಬರ್ದಿರೋದುಂಟು. ಮಾರಿಷಸ್ಸಿನ ವಲಸೆ ದಾಖಲೆಗಳು ಮೋಕಾದ ಮಹಾತ್ಮ ಗಾಂಧಿ ಇನ್‌ಸ್ಟಿಟ್ಯೂಟಲ್ಲಿವೆ.

ಡಿಎನ್ಎ ಟೆಸ್ಟ್ ಮಾಡಿಸಿದ್ರೆ ಎಲ್ಲಾ ಗೊತ್ತಾಗತ್ತಾ

ಗೊತ್ತಾಗಲ್ಲ. ಕಾಗದದ ಕೆಲಸಕ್ಕೆ ಅದು ಸಹಾಯ ಮಾಡತ್ತೆ ಅಷ್ಟೇ. ಅಪ್ಪ ಅಮ್ಮನಿಂದ ಅರ್ಧರ್ಧ ಬರತ್ತೆ, ನೇರ ಕಸಿನ್ (ಅಪ್ಪ ಅಥವಾ ಅಮ್ಮನ ಒಡಹುಟ್ಟಿದವ್ರ ಮಕ್ಕಳು) ಜೊತೆ ಸರಾಸರಿ ಶೇಕಡಾ 12.5 ಹೊಂದತ್ತೆ, ಅವ್ರ ಮಕ್ಕಳು ಮತ್ತೆ ನಿಮ್ಮ ಮಕ್ಕಳ ನಡುವೆ ಅದು ಶೇಕಡಾ 3ರ ಆಸುಪಾಸಿಗೆ ಇಳಿಯತ್ತೆ. ಇನ್ನೂ ದೂರ ಹೋದ್ರೆ ನಿಜವಾದ ಸಂಬಂಧಿಕರ ಜೊತೆನೂ ಏನೂ ಹೊಂದದೇ ಇರ್ಬೋದು. ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ, ಮೈಟೋಕಾಂಡ್ರಿಯಾದ್ದು ತಾಯಿಯಿಂದ ಮಕ್ಕಳಿಗೆ, ಇವೆರಡೂ ಸಾವಿರಾರು ಪೂರ್ವಜರಲ್ಲಿ ಒಂದೊಂದು ಗೆರೆ ಮಾತ್ರ ತೋರಿಸತ್ತೆ. ಇಷ್ಟು ಪರ್ಸೆಂಟ್ ಈ ಪ್ರದೇಶ, ಅಷ್ಟು ಪರ್ಸೆಂಟ್ ಆ ಪ್ರದೇಶ ಅಂತ ಬಣ್ಣದ ಮ್ಯಾಪ್ ಬರತ್ತಲ್ಲ, ಅದನ್ನ ಸೀರಿಯಸ್ಸಾಗಿ ತಗೋಬೇಡಿ, ಕಂಪನಿ ತನ್ನ ಹತ್ರ ಇರೋ ಸ್ಯಾಂಪಲ್ ಜೊತೆ ಹೋಲಿಸಿ ಹೇಳಿದ್ದು, ಸ್ಯಾಂಪಲ್ ಬದಲಾದ್ರೆ ಪರ್ಸೆಂಟೂ ಬದಲಾಗತ್ತೆ.

ಟೆಸ್ಟ್ ಕೊಡೋಕೆ ಮುಂಚೆ ಎರಡು ಯೋಚ್ನೆ ಮಾಡಿ. ನಿಮ್ಮ ಡಿಎನ್ಎ ನಿಮ್ಮದೊಂದೇ ಅಲ್ಲ, ನಿಮ್ಮ ಅಣ್ಣತಮ್ಮಂದಿರದ್ದೂ ಹೌದು. 2018ರಲ್ಲಿ ಕ್ಯಾಲಿಫೋರ್ನಿಯಾದ ಹಳೇ ಸರಣಿ ಕೊಲೆಗಾರನನ್ನ ಪೊಲೀಸರು ಹಿಡಿದಿದ್ದು ದೂರದ ಸಂಬಂಧಿಕರು ವಂಶಾವಳಿಗೆ ಅಂತ ಹಾಕಿದ್ದ ಡೇಟಾ ಮೂಲಕ. ಕಂಪನಿಗಳೂ ಶಾಶ್ವತ ಅಲ್ಲ, 23ಆಂಡ್‌ಮೀ ಅನ್ನೋ ಡಿಎನ್ಎ ಟೆಸ್ಟ್ ಕಂಪನಿ 2025ರಲ್ಲಿ ದಿವಾಳಿ ಅರ್ಜಿ ಹಾಕ್ತು. ಇನ್ನೊಂದು, ಅಪ್ಪ ಅಂದ್ಕೊಂಡವ್ರು ಅಪ್ಪ ಅಲ್ಲ ಅನ್ನೋ ಥರದ ವಿಷಯ ಹೊರಗೆ ಬಂದ್ರೆ ಅದನ್ನ ಹೊರೋಕೆ ಮನೆಯವ್ರು ರೆಡಿ ಇದ್ದಾರಾ?

ದತ್ತು, ಎರಡನೇ ಮದ್ವೆ, ಮದ್ವೆಗೆ ಮುಂಚೆ ಹುಟ್ಟಿದ ಮಗು, ಜೈಲು ಇವೆಲ್ಲ ಕಾಗದ ನೋಡ್ತಾ ಹೋದ್ರೆ ಯಾವ ಮನೆಯಲ್ಲಾದ್ರೂ ಸಿಗತ್ತೆ. ಸತ್ಯ ನೀವು ಬರ್ದಿಡಿ, ಆದ್ರೆ ಬದುಕಿರೋರ ಬಗ್ಗೆ ಅವ್ರನ್ನ ಕೇಳ್ದೆ ಎಲ್ಲೂ ಹಾಕ್ಬೇಡಿ. ಬದುಕಿರೋರ ಹುಟ್ಟಿದ ದಿನ, ತಾಯಿಯ ತವರಿನ ಹೆಸರು ಪಬ್ಲಿಕ್ಕಾಗಿ ಹಾಕೋದು ಬ್ಯಾಂಕ್ ಮೋಸಕ್ಕೂ ದಾರಿ ಮಾಡತ್ತೆ.

ಇಂಟರ್ನೆಟ್ಟಲ್ಲಿ ಬೇರೆಯವ್ರು ಹಾಕಿರೋ ಟ್ರೀಗಳ ಬಗ್ಗೆ ಒಂದೇ ಮಾತು: ಸುಳಿವು ಅಂತ ತಗೊಳ್ಳಿ, ಕಾಪಿ ಮಾಡ್ಬೇಡಿ. ಒಬ್ಬರು ಮಾಡಿದ ತಪ್ಪನ್ನ ಐವತ್ತು ಜನ ಕಾಪಿ ಮಾಡಿದ್ರೆ ಐವತ್ತು ಸಾಕ್ಷಿ ಆಗಲ್ಲ. ತಾಯಿಗೆ ಒಂಬತ್ತು ವರ್ಷ ಇದ್ದಾಗ ಮಗು, ತಾಯಿ ಸತ್ತ ಆರು ವರ್ಷಕ್ಕೆ ಮಗು, ಇಂಥ ಟ್ರೀಗಳು ಧಾರಾಳವಾಗಿ ಇವೆ.

ಸೇರಿಸಿದ್ದನ್ನ ಉಳಿಸೋದು

ಸಾಫ್ಟ್‌ವೇರ್ ಯಾವ್ದೇ ಬಳಸಿ, ಗೆಡ್‌ಕಾಮ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡೋಕೆ ಆಗತ್ತಾ ಅಂತ ಮೊದ್ಲೇ ನೋಡ್ಕೊಳ್ಳಿ. 1984ರಿಂದ ಇರೋ ಫಾರ್ಮ್ಯಾಟ್ ಅದು, ಒಂದು ಪ್ರೋಗ್ರಾಮಿಂದ ಇನ್ನೊಂದಕ್ಕೆ ಹೋಗೋಕೆ ಬೇಕೇಬೇಕು, ಆದ್ರೆ ಫೋಟೋಗಳು ಅದ್ರ ಒಳಗೆ ಹೋಗಲ್ಲ ಅನ್ನೋದು ಗೊತ್ತಿರ್ಲಿ. ಪ್ರತಿ ಮಾಹಿತಿ ಪಕ್ಕ ಅದು ಎಲ್ಲಿಂದ ಬಂತು ಅಂತ ಬರೀರಿ, ಬೇರೆ ಯಾರಾದ್ರೂ ಅದನ್ನ ಓದಿ ಅದೇ ಪುಟಕ್ಕೆ ಹೋಗೋಕೆ ಆಗ್ಬೇಕು. ಹಳೇ ಫೋಟೋ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಹಿಂದೆ ಹೆಸರು ಬರೆಯೋದಾದ್ರೆ ಮೆತ್ತಗಿನ ಪೆನ್ಸಿಲ್ಲಲ್ಲಿ ಬರೀರಿ, ಬಾಲ್‌ಪೆನ್ ಒತ್ತಿದ್ರೆ ಮುಂದಕ್ಕೆ ಮೂಡತ್ತೆ, ಲ್ಯಾಮಿನೇಷನ್ ಮತ್ತೆ ಸೆಲ್ಲೋಟೇಪ್ ಹತ್ರಾನೂ ಸುಳೀಬೇಡಿ. ಒಂದು ಕಾಪಿ ನಿಮ್ಮ ಕಂಪ್ಯೂಟರಲ್ಲಿ, ಒಂದು ಹಾರ್ಡ್‌ಡಿಸ್ಕಲ್ಲಿ, ಒಂದು ಬೇರೆ ಊರಲ್ಲಿರೋ ಸಂಬಂಧಿಕರ ಹತ್ರ. ಪೂರ್ತಿ ಆದ್ಮೇಲೆ ಹಂಚ್ತೀನಿ ಅಂತ ಕಾಯ್ಬೇಡಿ, ಇದು ಪೂರ್ತಿ ಆಗೋ ಕೆಲಸ ಅಲ್ಲ, ಎರಡು ತಲೆಮಾರು ಗಟ್ಟಿ ಆದ ತಕ್ಷಣ ನಾಲ್ಕು ಪುಟ ಪ್ರಿಂಟ್ ತೆಗ್ದು ಮನೆಯವ್ರಿಗೆ ಕಳಿಸಿ, ತಪ್ಪು ಹುಡುಕೋಕಾದ್ರೂ ಯಾರಾದ್ರೂ ಫೋನ್ ಮಾಡೇ ಮಾಡ್ತಾರೆ, ನಿಮ್ಮ ಮುಂದಿನ ಸುಳಿವು ಅವ್ರ ಹತ್ರಾನೇ ಇರ್ಬೋದು.